ದುಂಬಿಯ ನಾಲಿಗೆ ಅಳೆಯಲು ಹೋದವಳ ಜೊತೆ

ಚಾಮರಾಜಪೇಟೆ

ನಾನು ಪರದೇಶ ನೋಡಿದ್ದು ನಮ್ಮ ಅತ್ತೆಯವರ ಹೆದರಿಕೆಯ ಪುಣ್ಯದಿಂದ. ಇಲ್ಲದಿದ್ದರೆ ನನ್ನ ಭೂಗೋಳ ಚಾಮರಾಜಪೇಟೆಯಲ್ಲಿ ಶುರುವಾಗಿ ಶಿವಗಂಗೆಯಲ್ಲಿ ಮುಗಿಯುತ್ತಿತ್ತು. ಒಂದೇ ಒಂದು ಸಲ ಶ್ರೀಶೈಲದವರೆಗೆ ಹಿಗ್ಗಿತ್ತು, ಅಷ್ಟೆ.

ಸುಲ್ತಾನ್‌ಪೇಟೆಯಲ್ಲಿ ನಮ್ಮದು ಲಗ್ನಪತ್ರಿಕೆ ಅಂಗಡಿ. ಯಜಮಾನರೂ ಮೈದುನನೂ ಬೆಳಿಗ್ಗೆ ಅಲ್ಲಿಗೆ ಹೋದರೆ ಮನೆಯಲ್ಲಿ ಉಳಿಯುವವರು ಅತ್ತೆ, ನಾನು ಮತ್ತು ನನ್ನ ಓರಗಿತ್ತಿ ಸೌಮ್ಯ. ಉಳಿಯುವವರು ಅಂದೆ, ಆದರೆ ಸೌಮ್ಯ ಉಳಿಯುತ್ತಿರಲಿಲ್ಲ. ಅವಳು ದುಂಬಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ನಮ್ಮ ಹಿತ್ತಲಿನ ನುಗ್ಗೆ ಹೂವಿಗೆ ಬರುತ್ತದಲ್ಲ, ಮರ ಕೊರೆಯುವ ಕರಿ ದುಂಬಿ, ಅದಲ್ಲ. ಅವಳದ್ದು ಮೈತುಂಬ ಉಣ್ಣೆ ಹೊದ್ದ, ಚಳಿ ಬೆಟ್ಟಗಳಲ್ಲಿ ಬದುಕುವ ಜಾತಿ. ನಮ್ಮ ದಕ್ಷಿಣದಲ್ಲಿ ಅದು ಇಲ್ಲವೇ ಇಲ್ಲವಂತೆ. ಹಿಮಾಲಯದಲ್ಲಿದೆ, ಥೈಲ್ಯಾಂಡಿನ ಬೆಟ್ಟಗಳಲ್ಲೂ ಇದೆ. ಬಿಸಿ ದೇಶದ ತಂಪು ಬೆಟ್ಟದಲ್ಲಿ ಆ ದುಂಬಿಗಳ ಮೈ ಎಷ್ಟು ಹೆಚ್ಚು ಕಡಿಮೆಯಾಗುತ್ತದೆ, ಮೈಗೆ ತಕ್ಕಂತೆ ನಾಲಿಗೆಯೂ ಉದ್ದ ಗಿಡ್ಡ ಆಗುತ್ತದೆಯೋ ಇಲ್ಲವೋ, ಇದನ್ನು ಅಳೆಯುವುದು ಅವಳ ಕೆಲಸ.

ನಾನು ಮದುವೆಯಾಗಿ ಬಂದಾಗ ಪಿಯುಸಿ ಮುಗಿದಿತ್ತು. ಸೈನ್ಸ್. ಜಿರಳೆಯ ಬಾಯಿಯ ಭಾಗಗಳನ್ನು ಒಂದೊಂದಾಗಿ ಬಿಡಿಸಿ ಗಾಜಿನ ಮೇಲೆ ಜೋಡಿಸುವುದರಲ್ಲಿ ಇಡೀ ಕ್ಲಾಸಿಗೆ ನನ್ನ ಕೈಯೇ ಮುಂದು. ಬಿ.ಎಸ್ಸಿ. ಸೇರುತ್ತೇನೆ ಎಂದಾಗ ಅತ್ತೆ, ಅಂಗಡಿ ಮನೆತನಕ್ಕೆ ಬಂದವಳಿಗೆ ಜಿರಳೆ ಕೊಯ್ಯುವ ಕರ್ಮ ಯಾಕೆ ಎಂದಿದ್ದರು. ಹದಿನಾರು ವರ್ಷ ಕಳೆದ ಮೇಲೆ ಅದೇ ಅತ್ತೆ ಸೌಮ್ಯಳ ಊಟದ ಡಬ್ಬಿಗೆ ತಾವೇ ಮುಚ್ಚಳ ಒತ್ತಿ, ಹುಷಾರಾಗಿ ಹೋಗ್ಬಾಮ್ಮ ಎನ್ನುತ್ತಿದ್ದರು. ಡಬ್ಬಿಗೆ ತುಂಬಿದವಳು ನಾನು. ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಟ್ಟು ಬರೆಯುವುದಾದರೆ ಬರೆಯುವುದೇ ಬೇಡ.

ಥೈಲ್ಯಾಂಡಿಗೆ ಹೋಗಬೇಕು ಎಂದು ಸೌಮ್ಯ ಒಂದು ದಿನ ಕೇಳಿದಳು. ಅವಳ ಪಿಎಚ್.ಡಿ. ಗಡುವು ಆಗಲೇ ಒಂದು ಸಲ ಮುಂದೆ ಹೋಗಿತ್ತು. ಕೊನೆಗೆ ಅತ್ತೆ ಎರಡು ಮಾತು ಹೇಳಿದರು.

"ಈ ಸಲ ಮುಗಿಸ್ಬಿಡು. ಇನ್ನೊಂದು ಸಲ ಅಂತ ನನ್ಮುಂದೆ ಬರ್ಬೇಡ. ಮತ್ತೆ ಒಬ್ಬಳನ್ನೇ ಕಳ್ಸಲ್ಲ, ಗಿರಿಜಾ ಜೊತೆಗೆ ಹೋಗ್ಲಿ. ಅಡುಗೆನೂ ಆಗತ್ತೆ."

ಹೀಗೆ ನಾನು ಹುಳಿಪುಡಿ, ಚಟ್ನಿಪುಡಿ, ಅವಲಕ್ಕಿ, ವಿಭೂತಿ ಗಟ್ಟಿ, ಒಣಗಿಸಿದ ಬಿಲ್ವಪತ್ರೆ, ಬತ್ತಿಗೆ ಹತ್ತಿ ಕಟ್ಟಿಕೊಂಡು ಹೊರಟೆ. ಕರೆದದ್ದು ಅಡುಗೆಗೇ ಆದರೂ ಕರೆದರಲ್ಲ, ಅದೂ ಶಿವನ ಕೃಪೆಯೇ ಎಂದುಕೊಂಡೆ.

ಬ್ಯಾಂಕಾಕಿನ ಬಾಗಿಲು

ನಾವು ಲಿಂಗವಂತರು. ಕೊರಳಲ್ಲಿ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮೈಯಿಂದ ಅದನ್ನು ಅಗಲಿಸುವುದಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅದೇನೆಂದು ಬಲ್ಲವರು ನೋಡಿ ಬಿಟ್ಟಿದ್ದರು. ಬ್ಯಾಂಕಾಕಿನಲ್ಲಿ ವಿಮಾನ ಬದಲಾಯಿಸುವ ಕಡೆ ಒಂದು ಚೌಕಟ್ಟಿನ ಬಾಗಿಲು ದಾಟಬೇಕಿತ್ತು. ನಾನು ದಾಟಿದೆ, ಅದು ಕೂಗಿಕೊಂಡಿತು. ಹಿಂದೆ ಬಂದು ಮತ್ತೆ ದಾಟಿದೆ, ಮತ್ತೆ ಕೂಗಿತು. ಸಮವಸ್ತ್ರದ ಹೆಂಗಸೊಬ್ಬಳು ನನ್ನ ಕೊರಳು ತೋರಿಸಿ ಪ್ಲಾಸ್ಟಿಕ್ ತಟ್ಟೆ ಮುಂದಿಟ್ಟಳು. ಆ ತಟ್ಟೆಯಲ್ಲಿ ಯಾರದೋ ಬೆಲ್ಟು ಸುರುಳಿ ಸುತ್ತಿಕೊಂಡಿತ್ತು.

ಸೌಮ್ಯ ಆಗಲೇ ಆಚೆ ಕಡೆ ನಿಂತಿದ್ದಳು. ಅವಳು ತನ್ನ ಲಿಂಗವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ದಾರದಲ್ಲಿ ಕಟ್ಟಿಕೊಂಡಿದ್ದಳು. ಬೆಳ್ಳಿ ಇಲ್ಲ, ಬಾಗಿಲಿಗೆ ಕೂಗಲು ಕಾರಣವಿಲ್ಲ. ಇಂಥದ್ದೊಂದು ಉಪಾಯವನ್ನು ನನಗೂ ಹೇಳಬಹುದಿತ್ತು.

ನಾನು ತಟ್ಟೆ ಮುಟ್ಟಲಿಲ್ಲ. ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಮೇಲೆ ಇಟ್ಟುಕೊಂಡು ಆ ಹೆಂಗಸಿನ ಮುಂದೆ ಹಿಡಿದೆ. ಅವಳು ಬಗ್ಗಿ ನೋಡಿದಳು, ನನ್ನ ಹಣೆಯ ವಿಭೂತಿ ನೋಡಿದಳು, ಎರಡೂ ಕೈ ಎದೆಗೆ ತಂದು ಮುಗಿದು ದಾರಿ ಬಿಟ್ಟಳು. ಹಿಂದೆ ಸಾಲು ಬೆಳೆದು ಜನ ಗೊಣಗುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಸೌಮ್ಯ ಮಾತ್ರ ಗಡಿಯಾರ ನೋಡಿಕೊಂಡಳು.

ಚಿಯಾಂಗ್ ಮಾಯ್

ಈ ಊರಿನಲ್ಲಿ ಪ್ರತಿ ಮನೆ, ಪ್ರತಿ ಅಂಗಡಿಯ ಮುಂದೆ ಕಂಬದ ಮೇಲೆ ಒಂದು ಪುಟ್ಟ ಗುಡಿ. ಜಾಗ ಕಾಯುವ ದೇವತೆಗಳ ಮನೆಯಂತೆ. ಬೆಳಿಗ್ಗೆ ಹೂ, ಊದಿನಕಡ್ಡಿ, ಅನ್ನ, ಜೊತೆಗೆ ಕೆಂಪು ಸೋಡಾ ಬಾಟಲಿ, ಅದರಲ್ಲಿ ಹೀರುವ ಕೊಳವೆ ಕೂಡ. ದೇವರಿಗೆ ಕೊಳವೆ ಇಡುವಷ್ಟು ಮುತುವರ್ಜಿ ನಮ್ಮಲ್ಲೂ ಇಲ್ಲ. ಮುಂಜಾನೆ ಸನ್ಯಾಸಿಗಳು ಬರಿಗಾಲಲ್ಲಿ ಬರುತ್ತಾರೆ. ಹೆಂಗಸರು ಮಂಡಿಯೂರಿ ಪಾತ್ರೆಗೆ ಅನ್ನ ಹಾಕುತ್ತಾರೆ, ಆಮೇಲೆ ತಾವು ಉಣ್ಣುತ್ತಾರೆ. ಬಾಗಿಲಿಗೆ ಬಂದ ಜಂಗಮರಿಗೆ ನೀಡಿ ಉಣ್ಣುವ ನಮಗೆ ಇದು ಹೇಳಿಕೊಡಬೇಕಾದ್ದಲ್ಲ. ಅವರ ಸಾಲಿನ ಕೊನೆಯಲ್ಲಿ ನಿಂತು ನಾನೂ ಒಂದು ಹಿಡಿ ಅವಲಕ್ಕಿ ಹಾಕಿದೆ. ಸನ್ಯಾಸಿ ಅದನ್ನು ಒಮ್ಮೆ ನೋಡಿ ಮುಚ್ಚಳ ಮುಚ್ಚಿದರು.

ನನ್ನ ಊಟದ್ದೇ ಕಷ್ಟ. ಸೊಪ್ಪು ಕೇಳಿದರೆ ಸೊಪ್ಪೇ ಕೊಡುತ್ತಾರೆ, ಅದಕ್ಕೆ ಮೀನಿನ ರಸ ಚಿಮುಕಿಸಿರುತ್ತಾರೆ. ಅದು ಅವರಿಗೆ ನಮ್ಮ ಉಪ್ಪಿದ್ದ ಹಾಗೆ, ಮೀನೆಂದು ಲೆಕ್ಕಕ್ಕೇ ಇಲ್ಲ. ಮೂಸಿ ನೋಡಿ ತಟ್ಟೆ ಸರಿಸಿದ್ದಕ್ಕೆ ಅಂಗಡಿಯಾಕೆ ನೊಂದುಕೊಂಡಳು. ಹಳದಿ ಬಾವುಟ ಕಟ್ಟಿದ ಅಂಗಡಿಯಲ್ಲಿ ಮಾಂಸವಿಲ್ಲದ ಊಟ ಸಿಗುತ್ತದೆ ಎಂದು ಸೌಮ್ಯ ಹುಡುಕಿಕೊಂಡು ಬಂದಳು. ತಟ್ಟೆತುಂಬ ಬಿಸಿ ಅನ್ನ, ಹುರುಳಿಕಾಯಿ ಪಲ್ಯ. ತಿಂದೆ. ಹುಡುಕಿದವಳು ಅವಳಾದಳಲ್ಲ ಎಂದು ಆ ತುತ್ತೂ ಸ್ವಲ್ಪ ಕಹಿಯಾಯಿತು.

ಬೆಟ್ಟದ ಮೇಲೆ

ಬೆಟ್ಟದ ಹೆಸರು ದೋಯಿ ಇಂಥನೋನ್. ಥೈಲ್ಯಾಂಡೆಂದರೆ ಸೆಕೆ ಎಂದು ನಂಬಿ ನಾನು ಒಂದೇ ಸ್ವೆಟರು ತಂದಿದ್ದೆ. ಅಲ್ಲಿ ಬೆಳಿಗ್ಗೆ ಬಾಯಿ ತೆರೆದರೆ ಹೊಗೆ. ನಾವು ಉಳಿದದ್ದು ಹೂ ಬೆಳೆಯುವ ತೋಟವೊಂದರ ಅತಿಥಿ ಮನೆ. ನೋಡಿಕೊಳ್ಳುವವಳು ಸೋಂಜಾಯ್, ಹೆಚ್ಚು ಕಡಿಮೆ ನನ್ನ ವಯಸ್ಸಿನವಳು, ನನ್ನಷ್ಟೇ ಇಂಗ್ಲಿಷು ಬರುವವಳು. ಒಲೆಯ ಒಂದು ಬದಿಯನ್ನು ನನಗೆ ಬಿಟ್ಟುಕೊಟ್ಟು, ಮೀನಿನ ರಸದ ಬಾಟಲಿಯನ್ನು ತಾನಾಗಿ ಮೇಲಿನ ಹಲಗೆಗೆ ಎತ್ತಿಟ್ಟಳು. ಅವಳ ಹೊಟ್ಟೆ ತಣ್ಣಗಿರಲಿ.

ತೋಟದ ಬದುವಿನಲ್ಲಿ ಇಲಿ ಬಿಟ್ಟುಹೋದ ಬಿಲದಲ್ಲಿ ದುಂಬಿಯ ಗೂಡಿತ್ತು. ಸೌಮ್ಯ ಅದನ್ನು ಇಡಿಯಾಗಿ ಎತ್ತಿ ಗಾಜಿನ ಮುಚ್ಚಳದ ಮರದ ಪೆಟ್ಟಿಗೆಗೆ ಇಳಿಸಿ ಹಿಂದಿನ ಕೋಣೆಯಲ್ಲಿಟ್ಟಳು. ಗೋಡೆಯಿಂದ ಹೊರಕ್ಕೆ ಒಂದು ಕೊಳವೆ, ದುಂಬಿಗಳು ಅದರಲ್ಲೇ ಹೋಗಿ ಬರುತ್ತಿದ್ದವು. ನಾನು ಗಾಜಿಗೆ ಮೂಗು ಹಚ್ಚಿ ಕೂತೆ. ಕಪ್ಪು ಮೈ, ಹಿಂಬದಿ ಕಿತ್ತಳೆ. ಒಂದೇ ಗೂಡಿನವು, ಆದರೆ ಒಂದು ಹೆಬ್ಬೆರಳ ಉಗುರಿನಷ್ಟು, ಇನ್ನೊಂದು ಹೆಸರುಕಾಳಿಗಿಂತ ತುಸು ದೊಡ್ಡದು. ಬೇರೆ ಬೇರೆ ಜಾತಿಯೇನೋ ಎಂದು ಕೇಳಿದೆ.

"ಎಲ್ಲಾ ಒಬ್ಬಳು ರಾಣಿ ಮಕ್ಕಳೇ ಅಕ್ಕ. ದೊಡ್ಡವು ಹೊರಗೆ ಹೋಗ್ತವೆ. ಚಿಕ್ಕವು ಮನೇಲೇ ಇದ್ದು ಮರಿ ನೋಡ್ಕೋತವೆ."

"ಚಿಕ್ಕವು ಯಾಕೆ ಹಾಗಾದ್ವು?"

"ಮರಿಯಾಗಿದ್ದಾಗ ಊಟ ಕಮ್ಮಿ ಸಿಕ್ಕಿರತ್ತೆ. ಗೂಡಿನ ಅಂಚಲ್ಲಿ ಬಿದ್ದವಕ್ಕೆ ಕಮ್ಮಿನೇ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಪುಸ್ತಕದ ಮಾತು ಪುಸ್ತಕದಂತೆ ಹೇಳಿದಳು. ನನಗೆ ಮಾತ್ರ ನೆತ್ತಿಗೆ ಹತ್ತಿತು. ದೊಡ್ಡವಕ್ಕೆ ನಾಲಿಗೆಯೂ ಉದ್ದವಂತೆ, ಕೊಳವೆಯಂಥ ಹೂವಿನ ತಳದ ಜೇನು ಅವಕ್ಕೇ ಸಿಗುವುದಂತೆ. ನಮ್ಮಲ್ಲಿ ನಾಲಿಗೆ ಉದ್ದವಿದ್ದರೆ ಬೈಗುಳ ಸಿಗುತ್ತದೆ.

ಅಳೆಯುವ ರೀತಿ ಹೀಗೆ. ದುಂಬಿಗಳನ್ನು ಒಂದೊಂದಾಗಿ ಬಲೆ ಮುಚ್ಚಳದ ಪುಟ್ಟ ಡಬ್ಬಿಗಳಿಗೆ ಹಾಕಿ ಮೂರು ನಾಲ್ಕು ಗಂಟೆ ಆಹಾರ ಕೊಡದೆ ಇಡಬೇಕು. ಆಮೇಲೆ ಕೂದಲಿನಂಥ ಗಾಜಿನ ನಳಿಗೆಯಲ್ಲಿ ಸಕ್ಕರೆ ನೀರು ತುಂಬಿ ಬಾಯಿಗೆ ಹಿಡಿಯಬೇಕು. ಹಸಿದ ದುಂಬಿ ನಾಲಿಗೆಯನ್ನು ಎಷ್ಟು ಸಾಧ್ಯವೋ ಅಷ್ಟೂ ಚಾಚಿ ಹೀರುತ್ತದೆ. ನೀರು ಎಲ್ಲಿಯವರೆಗೆ ಇಳಿಯಿತೋ ಅದೇ ನಾಲಿಗೆಯ ಉದ್ದ. ಬೆನ್ನ ಮೇಲೆ ಬಣ್ಣದ ಚುಕ್ಕೆ ಇಟ್ಟು ಮತ್ತೆ ಗೂಡಿಗೆ ಬಿಡುವುದು. ಕೊಲ್ಲುವ ಮಾತಿಲ್ಲ. ಅದಕ್ಕೇ ನಾನು ಆ ಕೋಣೆಯ ಪಕ್ಕದಲ್ಲಿ ಪೂಜೆಗೆ ಕೂರಲು ಒಪ್ಪಿದ್ದು.

ಆರನೆಯ ದಿನ

ಅಂದು ಬೆಳಿಗ್ಗೆ ಸೋಂಜಾಯ್ ತರಕಾರಿ ಹೆಚ್ಚುತ್ತ ಸೌಮ್ಯಳತ್ತ ಕೈ ತೋರಿಸಿ "ಆಚಾನ್" ಎಂದಳು. ಹಾಗೆಂದರೆ ದೊಡ್ಡ ಮೇಷ್ಟ್ರು. ನನ್ನತ್ತ ತೋರಿಸಿ ಸೌಟು ತಿರುಗಿಸುವ ಅಭಿನಯ ಮಾಡಿ, ಪ್ರಶ್ನೆಯೆಂಬಂತೆ ಹುಬ್ಬೇರಿಸಿದಳು. ಆಚಾನ್ ಮನೆಯ ಅಡುಗೆಯವಳೇ ನೀನು ಎಂದು. ಕೊಂಕಿರಲಿಲ್ಲ ಅವಳಲ್ಲೂ. ಸೌಮ್ಯ ಕೇಳಿಸಿಕೊಂಡು ನಕ್ಕು, ಅಲ್ಲ ಅಲ್ಲ, ನನ್ನ ಅಕ್ಕ ಎಂದು ತಿದ್ದಿದಳು. ತಿದ್ದುವ ಮೊದಲು ನಕ್ಕಳು. ನಾನು ಎಣಿಸಿಟ್ಟುಕೊಂಡದ್ದು ಅದನ್ನು.

ಆಮೇಲೆ ಅವಳು ಇಪ್ಪತ್ತನಾಲ್ಕು ದುಂಬಿಗಳನ್ನು ಡಬ್ಬಿಗಳಿಗೆ ಹಾಕಿ, ಮೈದುನನ ಹಳೇ ಪ್ಯಾಂಟು ತೊಟ್ಟು, ಮೇಲಿನ ಹೂಗಳ ಕಡೆ ನೋಡಿ ಬರಲು ಹೊರಟಳು. ಮಧ್ಯಾಹ್ನ ಬಂದು ಅಳೆಯುತ್ತೇನೆ, ಹಸಿದಿದ್ದರೇನೇ ನಾಲಿಗೆ ಪೂರ್ತಿ ಚಾಚೋದು, ಏನೂ ಕೊಡಬೇಡಿ ಅಕ್ಕ ಎಂದಳು. ಹೇಳಲಿಲ್ಲ ಎಂದು ನಾನು ಹೇಳಲಾರೆ. ಕೇಳಿಸಿತ್ತು.

ಸ್ನಾನ ಮಾಡಿ ಪೂಜೆ ಮುಗಿಸಿದೆ. ಅನ್ನ, ತಿಳಿಸಾರು ಮಾಡಿ ತಟ್ಟೆ ಮುಂದೆ ಕೂತೆ. ಪಕ್ಕದ ಕೋಣೆಯಿಂದ ಇಪ್ಪತ್ತನಾಲ್ಕು ಡಬ್ಬಿಗಳ ಗುಂಯ್‌ಗುಡುವ ಸದ್ದು. ನಮ್ಮ ಮನೆಯಲ್ಲಿ ಬಾಗಿಲಿಗೆ ಬಂದವರಿಗೆ, ಬೀದಿಯ ದನಕ್ಕೆ ಹಾಕದೆ ಹೆಂಗಸರು ತುತ್ತೆತ್ತುವುದಿಲ್ಲ. ಸೂರಿನ ಕೆಳಗೆ ಹಸಿದ ಜೀವಗಳನ್ನಿಟ್ಟುಕೊಂಡು ಉಂಡರೆ ಅದು ಪ್ರಸಾದವಲ್ಲ, ಬರೀ ಅನ್ನ. ಹದಿನಾರು ವರ್ಷ ಹೀಗೇ ನಡೆದ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತು. ಅದರ ಜೊತೆಗೆ ಇನ್ನೊಂದು ದನಿಯೂ ಇತ್ತು. ಆಚಾನ್ ಹೇಳಿದ್ದಾಳೆ ಎಂದು ಅಡುಗೆಯವಳು ಕೇಳಬೇಕೇನು ಎನ್ನುತ್ತಿತ್ತು ಅದು.

ಎದ್ದೆ. ಹತ್ತಿ ತೆಗೆದು ಇಪ್ಪತ್ತನಾಲ್ಕು ಬತ್ತಿ ಹೊಸೆದೆ. ಸಕ್ಕರೆ ನೀರಿನಲ್ಲಿ ಅದ್ದಿ ಬಲೆಯ ಕಣ್ಣಿನಿಂದ ಒಂದೊಂದಾಗಿ ಇಳಿಬಿಟ್ಟೆ. ಮಡಚಿದ್ದ ನಾಲಿಗೆ ಚಾಕುವಿನಂತೆ ಬಿಚ್ಚಿಕೊಂಡು ಬತ್ತಿಗೆ ಅಂಟಿತು. ಕಂದು ಬಣ್ಣದ, ತುದಿಯಲ್ಲಿ ಕೂದಲಿರುವ ನಾಲಿಗೆ. ಪಿಯುಸಿಯ ಗಾಜಿನ ಚೂರು ನೆನಪಾಯಿತು. ಅಷ್ಟು ಹತ್ತಿರದಿಂದ ಏನನ್ನಾದರೂ ನೋಡಿ ಎಷ್ಟು ವರ್ಷವಾಗಿತ್ತೋ. ಬಾಗಿಲಲ್ಲಿ ನಿಂತು ನೋಡಿದ ಸೋಂಜಾಯ್ ಕೈ ಮುಗಿದಳು. ಅವಳ ಪುಟ್ಟ ಗುಡಿಯ ನೈವೇದ್ಯದಂಥದ್ದೇ ಇದೂ ಎಂದುಕೊಂಡಿರಬೇಕು. ಬತ್ತಿಗಳನ್ನು ತೆಗೆದು ಒಲೆಗೆ ಹಾಕಿ ನಾನು ಹೊಟ್ಟೆತುಂಬ ಉಂಡೆ.

ಸೌಮ್ಯ ಮಧ್ಯಾಹ್ನ ತೊಯ್ದು ಬಂದು ಅಳೆಯಲು ಕೂತಳು. ಹೊಟ್ಟೆ ತುಂಬಿದ ದುಂಬಿಗಳು ನಳಿಗೆಗೆ ಬಾಯಿಟ್ಟು, ಮೇಲಿಂದಷ್ಟು ರುಚಿ ನೋಡಿ ಬಿಟ್ಟವು. ದೊಡ್ಡದಕ್ಕೂ ಚಿಕ್ಕದಕ್ಕೂ ಹೆಚ್ಚು ಕಡಿಮೆ ಒಂದೇ ಅಂಕಿ. ಅವಳ ಮುಖ ಮೊದಲು ಬಾಡಿತು. ಆಮೇಲೆ ಅರಳುತ್ತ ಹೋಯಿತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

"ಮೈ ಇಷ್ಟು ಹೆಚ್ಚು ಕಮ್ಮಿ ಇದೆ, ನಾಲಿಗೆ ಮಾತ್ರ ಎಲ್ಲಕ್ಕೂ ಒಂದೇ ಅಕ್ಕ. ಇದನ್ನ ಯಾರೂ ನೋಡೇ ಇಲ್ಲ."

ನನ್ನ ಕೈ ಹಿಡಿದುಕೊಂಡಳು. ಸಾರನ್ನದ ಮುಂದೆ ಕೂತು ತಿನ್ನುವುದನ್ನು ಮರೆತು, ತನ್ನ ಗೈಡಿಗೆ ಹೇಗೆ ಹೇಳುವುದು, ಯಾವ ಸಭೆಯಲ್ಲಿ ಓದುವುದು ಎಂದೆಲ್ಲ ಮಾತಾಡಿದಳು. ನಾನು ಬಡಿಸುತ್ತಿದ್ದೆ. ಹೇಳದೆ ಇದ್ದುಬಿಡೋಣ ಅನ್ನಿಸಿತು. ಇದನ್ನೇ ಬರೆಯಲಿ, ತಿಳಿದವರ ಮುಂದೆ ನಿಂತು ಓದಲಿ, ಯಾರಾದರೂ ಎದ್ದು ತಪ್ಪೆನ್ನಲಿ. ಅವಳು ತಲೆತಗ್ಗಿಸಿ ಮನೆಗೆ ಬರಲಿ, ಅತ್ತೆ ಅವಳ ಡಬ್ಬಿಯ ಮುಚ್ಚಳ ಎತ್ತಿಡಲಿ. ಇಷ್ಟನ್ನೂ ನಾನು ಒಂದು ಊಟದ ಹೊತ್ತಿನಲ್ಲಿ ಯೋಚಿಸಿ ಮುಗಿಸಿದೆ, ಇನ್ನಷ್ಟು ಅನ್ನ ಹಾಕಲೇ ಎಂದು ಅವಳನ್ನೂ ಕೇಳಿದೆ.

ಕೊನೆಯ ದಿನ

ಬೆಳಿಗ್ಗೆ ಪೂಜೆಗೆ ಕೂತೆ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರೆ ಕಣ್ಣು ನಿಲ್ಲಲಿಲ್ಲ. ಮೂರು ಸಲ ಪ್ರಯತ್ನಿಸಿ ಕರಡಿಗೆಗೆ ಹಾಕಿ ಎದ್ದೆ. ನನಗೆ ತಿಳಿವಳಿಕೆ ಬಂದ ಮೇಲೆ ಪೂಜೆ ಅರ್ಧಕ್ಕೆ ನಿಂತದ್ದು ಅದೊಂದೇ ದಿನ.

ಸೌಮ್ಯ ಮೆಟ್ಟಿಲ ಮೇಲೆ ಕೂತು ಪುಸ್ತಕದಲ್ಲಿ ಗೀಟು ಎಳೆಯುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಬತ್ತಿ, ಸಕ್ಕರೆ ನೀರು, ಎಲ್ಲ. ಅವಳು ಪೆನ್ಸಿಲ್ ಕೆಳಗಿಟ್ಟಳು.

"ಬೇಕೂಂತ ಮಾಡಿದ್ರಾ?"

"ಅರ್ಧ."

"ಇನ್ನರ್ಧ?"

"ಅವು ಹಸಿದಿದ್ವು."

ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ನನ್ಮೇಲೆ ನಿಮ್ಗೆ ಅಷ್ಟು ಕೋಪ ಏನಕ್ಕ?"

"ಕೋಪ ಅಲ್ಲಮ್ಮ. ಹೊಟ್ಟೆಕಿಚ್ಚು."

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ನನ್ನನ್ನು ನೋಡಿದ ನೋಟದಲ್ಲಿ ಆಶ್ಚರ್ಯವಿರಲಿಲ್ಲ.

"ಮೂರು ವರ್ಷ ಆಯ್ತು ಆ ಮನೆಗೆ ಬಂದು. ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಇವತ್ತಿಗೂ ನಿಮ್ಮನ್ನೇ ಕೇಳ್ಬೇಕು. ನೀವು ಬಡಿಸದೆ ಅತ್ತೆ ಊಟಕ್ಕೇ ಏಳಲ್ಲ. ನನಗೇನು ಉರಿಯಲ್ಲ ಅಂದ್ಕೊಂಡ್ರಾ?"

ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ದನಿ ಗಟ್ಟಿಯಾಗಿತ್ತು. ಉಪ್ಪಿನ ಡಬ್ಬಿಯ ಜಾಗವನ್ನು ನಾನು ಅವಳು ಬಂದಾಗಿನಿಂದ ಎರಡು ಸಲ ಬದಲಾಯಿಸಿದ್ದೆ. ಅದನ್ನು ಅಂದು ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಮರುದಿನ ನಾವು ಇಳಿಯಬೇಕು, ದುಂಬಿ ಹಿಡಿಯಲು ಕೊಟ್ಟ ಪರವಾನಗಿ ಅಲ್ಲಿಗೆ ಮುಗಿಯುತ್ತದೆ. ಬೆಟ್ಟದ ತುದಿಯ ಹೂಗಳ ಮೇಲಿನ ದುಂಬಿಗಳನ್ನು ಹಿಡಿದು ಅಳೆಯಲು ಉಳಿದಿದ್ದದ್ದು ಅದೊಂದೇ ದಿನ, ಗೂಡಿನ ಇಪ್ಪತ್ತನಾಲ್ಕನ್ನು ಮತ್ತೆ ಅಳೆಯಲೂ ಅದೇ ದಿನ. ಒಬ್ಬಳಿಂದ ಎರಡೂ ಆಗದು. ಒಂದು ಬಿಟ್ಟರೂ ಇನ್ನೊಂದಕ್ಕೆ ಅರ್ಥವಿಲ್ಲ, ಇನ್ನೊಂದು ಸಲ ಎಂಬುದು ಇಲ್ಲ. ಅವಳು ಎದ್ದು ಒಳಗೆ ಹೋದಳು. ಚುಕ್ಕೆಯಿಟ್ಟ ದುಂಬಿಗಳನ್ನು ಹುಡುಕಿ ಹುಡುಕಿ ಡಬ್ಬಿಗೆ ಹಾಕಿದಳು. ಆಮೇಲೆ ನಳಿಗೆ, ಭೂತಗನ್ನಡಿ, ಪೆನ್ಸಿಲ್ ತಂದು ನನ್ನ ಮುಂದಿಟ್ಟಳು. ಒಂದೇ ಸಲ ತೋರಿಸಿಕೊಟ್ಟಳು. ಏನೂ ಕೊಡಬೇಡಿ ಎಂದು ಈ ಸಲ ಹೇಳಲಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು ಮಂಜಿನಲ್ಲಿ ಹೊರಟುಹೋದಳು.

ನಾನು ಒಲೆ ಹಚ್ಚಲಿಲ್ಲ. ಅವು ಹಸಿದಿರುವಷ್ಟು ಹೊತ್ತು ನಾನೂ ಹಸಿದಿರುವುದೆಂದು ಕೂತೆ. ಸೋಂಜಾಯ್ ಹತ್ತಿಯ ಪೊಟ್ಟಣ ತಂದು ತೋರಿಸಿದಳು, ಇವತ್ತು ಇಲ್ಲವೇ ಎಂದು. ಇಲ್ಲವೆಂದು ತಲೆಯಾಡಿಸಿದೆ. ಅವಳಿಗೆ ಬೇಜಾರಾಯಿತು.

ಹೊತ್ತು ತುಂಬಿದ ಮೇಲೆ ಶುರುಮಾಡಿದೆ. ಹಳದಿ ಚುಕ್ಕೆಯ ದೊಡ್ಡದು ನಳಿಗೆಗೆ ಮುಖವೊತ್ತಿ, ನೀರು ಇಳಿದು ಇಳಿದು ಬಹಳ ಕೆಳಗೆ ನಿಂತಿತು. ಬರೆದೆ. ಒಂದಾದ ಮೇಲೊಂದು. ಬಿಳಿ ಚುಕ್ಕೆಯ ತೀರಾ ಚಿಕ್ಕದರ ಸರದಿ ಬಂತು. ಅದು ಮೈಯೆಲ್ಲ ನಡುಗಿಸಿಕೊಂಡು ಚಾಚಿತು. ಸಿಹಿನೀರು ಅದರ ನಾಲಿಗೆಯ ತುದಿಗೆ ಒಂದು ಎಳೆಯಷ್ಟು ಕೆಳಗೆ ನಿಂತುಬಿಟ್ಟಿತು. ಹಿಂದೆ ಸರಿದು ಮತ್ತೆ ಚಾಚಿತು. ನಾನು ನಳಿಗೆಯನ್ನು ಒಂದಿಷ್ಟು ವಾಲಿಸಿದ್ದರೆ ಸಿಗುತ್ತಿತ್ತು. ನೋಡುವವರು ಯಾರೂ ಇರಲಿಲ್ಲ. ವಾಲಿಸಲಿಲ್ಲ. ಭೂತಗನ್ನಡಿಯಲ್ಲಿ ಗೆರೆ ನೋಡಿ ಅಂಕಿ ಬರೆದೆ. ಬರೆದ ಮೇಲೆ ವಾಲಿಸಿದೆ. ಅದು ಕುಡಿದು ಮುಗಿಸುವವರೆಗೆ ಕೈ ಕದಲಿಸದೆ ಹಿಡಿದಿದ್ದೆ.

ಸೌಮ್ಯ ಬೆಳಕಿರುವಾಗಲೇ ಬಂದಳು, ಅವಳ ಡಬ್ಬಿಗಳೂ ತುಂಬಿದ್ದವು. ನನ್ನ ಅಂಕಿಗಳನ್ನು ಓದಿದಳು. ದೊಡ್ಡ ಮೈಗೆ ಉದ್ದ ನಾಲಿಗೆ, ಚಿಕ್ಕ ಮೈಗೆ ಗಿಡ್ಡ ನಾಲಿಗೆ. ಎಲ್ಲ ಕಡೆ ಇರುವಂತೆ ಇಲ್ಲೂ. ಯಾರೂ ನೋಡದ್ದು ಏನೂ ಇರಲಿಲ್ಲ. ಮೂರನ್ನು ತಾನೇ ಮತ್ತೊಮ್ಮೆ ಅಳೆದು ನೋಡಿದಳು, ತಾಳೆಯಾಯಿತು. ಹಿಂದಿನ ದಿನದ ಪುಟದ ಮೇಲೆ ಅಡ್ಡಗೆರೆ ಎಳೆದು, ಮೊದಲೇ ಆಹಾರ ಸಿಕ್ಕಿದ್ದರಿಂದ ಇದು ಲೆಕ್ಕಕ್ಕಿಲ್ಲ ಎಂದು ಬರೆದಳು. ನಿಮ್ಮ ಕೈ ನಡುಗಲ್ವಲ್ಲ ಅಕ್ಕ ಎಂದಳು. ಆ ಮಾತಿನಲ್ಲಿ ಕಿಂಚಿತ್ತು ಹೊಟ್ಟೆಕಿಚ್ಚು ಇತ್ತು. ಅದು ನನಗೆ ಸಿಹಿಯಾಗಿ ಕೇಳಿಸಿತು, ಶಿವ ಕ್ಷಮಿಸಲಿ.

ಮನೆ

ಮುಂದಿನ ವರ್ಷ ಅವಳ ಪ್ರಬಂಧ ಒಪ್ಪಿಗೆಯಾಯಿತು. ಗಟ್ಟಿ ರಟ್ಟಿನ ಪುಸ್ತಕ ಮನೆಗೆ ಬಂದಾಗ ಅತ್ತೆ ಅದಕ್ಕೆ ಕುಂಕುಮ ಹಚ್ಚಿ ದೇವರ ಮುಂದಿಟ್ಟರು. ಎಲ್ಲರ ಊಟವಾದ ಮೇಲೆ ನಾನು ಕೈ ಒರೆಸಿಕೊಂಡು ತೆರೆದೆ. ವಂದನೆಗಳ ಪುಟದಲ್ಲಿ ಗೈಡು, ಗಂಡ, ಅತ್ತೆ ಎಲ್ಲರ ಕೊನೆಗೆ ನಾನಿದ್ದೆ. ಜೊತೆಗೆ ಬಂದು ಅಡುಗೆ ಮಾಡಿಕೊಟ್ಟ ಅಕ್ಕ ಗಿರಿಜಾ ಅವರಿಗೆ ಎಂದಿತ್ತು. ಒಳಗೆ ಒಂದು ಪಟ್ಟಿಯಲ್ಲಿ ಆ ಇಪ್ಪತ್ತನಾಲ್ಕು ದುಂಬಿಗಳ ನಾಲಿಗೆಯ ಉದ್ದ ಸಾಲಾಗಿ ಅಚ್ಚಾಗಿತ್ತು. ಬಿಳಿ ಚುಕ್ಕೆಯದು ಕೊನೆಯಿಂದ ಎರಡನೆಯದು. ಯಾರು ಅಳೆದದ್ದು ಎಂದು ಎಲ್ಲೂ ಇಲ್ಲ.

ಹೆಸರು ಬಂದಿದೆಯಲ್ಲ, ಸಾಕು ಎಂದುಕೊಳ್ಳಲು ಎರಡು ದಿನ ಪ್ರಯತ್ನಪಟ್ಟೆ. ಮೂರನೆಯ ದಿನ ಹುರುಳಿಕಾಯಿ ಬಿಡಿಸುತ್ತ ಕೇಳಿಯೇಬಿಟ್ಟೆ, ಅಳೆದದ್ದು ನಾನು ಎಂದು ಒಂದು ಸಾಲು ಬರೆದಿದ್ದರೆ ಏನಾಗುತ್ತಿತ್ತು ಎಂದು. ಸೌಮ್ಯ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಅದನ್ನ ಬರೆದ್ರೆ ಹಿಂದಿನ ದಿನ ತಿನ್ಸಿದ್ದು ಯಾರು ಅಂತಾನೂ ಬರೀಬೇಕಾಗ್ತಿತ್ತು ಅಕ್ಕ."

ಅದಕ್ಕೇ ಇದನ್ನು ನಾನೇ ಬರೆದಿದ್ದೇನೆ. ಎರಡೂ ದಿನದ್ದು.